ಪಿಯುಸಿ ಮುಗಿಸಿ ಬಿ.ಕಾಂ. ಸೇರುವವರಿಗೆ: ಅರ್ಹತೆ, ದಾಖಲೆ, ಅರ್ಜಿ

ಲೆಕ್ಕಪತ್ರ, ತೆರಿಗೆ, ಲೆಕ್ಕಪರಿಶೋಧನೆ ಇವುಗಳನ್ನೇ ಮುಂದೆ ಉದ್ಯೋಗವಾಗಿಸಿಕೊಳ್ಳಬೇಕೆಂದಿರುವ ವಿದ್ಯಾರ್ಥಿಗೆ ಕರ್ನಾಟಕದಲ್ಲಿ ಪದವಿ ಎಂದರೆ ಬಹುಮಟ್ಟಿಗೆ ಬಿ.ಕಾಂ. ಎಂದೇ ಅರ್ಥ. ಲೆಕ್ಕಶಾಸ್ತ್ರದ್ದೇ ಹೆಸರು ಹೊತ್ತ ಪ್ರತ್ಯೇಕ ಪದವಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ವಿರಳ. ಹಣಕಾಸು ಲೆಕ್ಕಶಾಸ್ತ್ರದಿಂದ ಶುರುವಾಗಿ ವೆಚ್ಚ ಲೆಕ್ಕಶಾಸ್ತ್ರ, ಕಂಪನಿ ಲೆಕ್ಕಪತ್ರ, ಆದಾಯ ತೆರಿಗೆ, ಜಿಎಸ್‌ಟಿ, ಆಡಿಟಿಂಗ್‌ವರೆಗಿನ ವಿಷಯಗಳೆಲ್ಲ ಬಿ.ಕಾಂ. ಪಠ್ಯಕ್ರಮದೊಳಗೇ ಬರುತ್ತವೆ. ಈ ಪದವಿಗೆ ಬೇಕಾದ ಅರ್ಹತೆ ಕಠಿಣವಾದುದಲ್ಲ. ದ್ವಿತೀಯ ಪಿಯುಸಿ ಪಾಸಾದವರಲ್ಲಿ ಹೆಚ್ಚಿನವರು ಅರ್ಹರೇ. ಆದರೂ ಪ್ರತಿ ವರ್ಷ ಜೂನ್ ಬಂತೆಂದರೆ ಕಾಲೇಜುಗಳ ಪ್ರವೇಶ ಕೌಂಟರ್‌ಗಳ ಮುಂದೆ ಕಣ್ಣು ಕೆಂಪಾಗಿಸಿಕೊಂಡು ನಿಂತ ಮಕ್ಕಳು ಕಾಣಿಸುತ್ತಾರೆ. ಅವರನ್ನು ತಡೆದಿರುವುದು ಅಂಕವಲ್ಲ, ಕಾಗದ. ಆದ್ದರಿಂದ ಈ ಲೇಖನದಲ್ಲಿ ಅರ್ಹತೆಗಿಂತ ದಾಖಲೆಗಳಿಗೆ ಹೆಚ್ಚು ಜಾಗ ಕೊಡಲಾಗಿದೆ.

ಮೊದಲ ಹಂತ: ಯಾವ ಪದವಿ ಎಂಬುದನ್ನು ಖಚಿತಪಡಿಸಿಕೊಳ್ಳಿ

ಅಣ್ಣನೋ ಅಕ್ಕನೋ ನಾಲ್ಕು ವರ್ಷದ ಪದವಿಯ ಮಾತಾಡಿದ್ದನ್ನು ಕೇಳಿ ಗೊಂದಲಕ್ಕೊಳಗಾದವರು ಹಲವರಿದ್ದಾರೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕದಲ್ಲಿ 2021-22ನೇ ಸಾಲಿನಿಂದ ಆನರ್ಸ್ ಸಹಿತ ನಾಲ್ಕು ವರ್ಷದ ವ್ಯವಸ್ಥೆ ಜಾರಿಯಲ್ಲಿತ್ತು. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದಲ್ಲಿ ಸರ್ಕಾರ ಅದನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ, ಅಂದರೆ 6 ಸೆಮಿಸ್ಟರಿನ ಪದವಿಗೆ ಮರಳಿತು. ಆದಕಾರಣ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಲೇಜುಗಳಲ್ಲಿ ಈಗ ಸೇರುವವರು ಮೂರು ವರ್ಷದ ಬಿ.ಕಾಂ. ಎಂದು ತಿಳಿದೇ ಮುಂದುವರಿಯಬಹುದು. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಅವಧಿ ಬೇರೆಯಿರಬಹುದಾದ್ದರಿಂದ ಅಲ್ಲಿ ಕೇಳಿಯೇ ಅರ್ಜಿ ಹಾಕುವುದು ಕ್ಷೇಮ.

ಬಿಬಿಎ ಬಗೆಗೂ ಒಂದು ಮಾತು ಹೇಳಬೇಕು. ಅದು ನಿರ್ವಹಣೆಯ ಪದವಿ. ಲೆಕ್ಕಶಾಸ್ತ್ರ ಅದರಲ್ಲಿ ಇದ್ದರೂ ಬಿ.ಕಾಂ.ನಷ್ಟು ಆಳವಾಗಿ ಇರುವುದಿಲ್ಲ. 2024-25ರಿಂದ ಬಿಬಿಎ ಕೋರ್ಸು ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ವ್ಯಾಪ್ತಿಗೆ ಬಂದಿದೆ, ಬಿ.ಕಾಂ. ಬಂದಿಲ್ಲ. ಹಾಗಾಗಿ ಬಿ.ಕಾಂ. ಕಾಲೇಜಿನ ವಿಷಯದಲ್ಲಿ ನೋಡಬೇಕಾದದ್ದು ಅದು ಯಾವ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿದೆ, ಆ ಸಂಯೋಜನೆ ಈ ವರ್ಷಕ್ಕೂ ಚಾಲ್ತಿಯಲ್ಲಿದೆಯೇ ಎಂಬುದನ್ನು.

ಎಸಿಸಿಎ ಸಹಿತ ಬಿ.ಕಾಂ., ಸಿಎಂಎ (ಇವೆರಡೂ ಲೆಕ್ಕಶಾಸ್ತ್ರದ ವೃತ್ತಿ ಅರ್ಹತೆಗಳು) ಸಹಿತ ಬಿ.ಕಾಂ., ಪ್ರೊಫೆಷನಲ್ ಬಿ.ಕಾಂ. ಎಂದೆಲ್ಲ ಫಲಕ ಹಾಕಿದ ಕಾಲೇಜುಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ವಿಶ್ವವಿದ್ಯಾಲಯ ಕೊಡುವ ಪದವಿ ಪ್ರಮಾಣಪತ್ರದ ಮೇಲೆ ಯಾವ ಹೆಸರು ಅಚ್ಚಾಗುತ್ತದೆ, ಮತ್ತು ಉಳಿದದ್ದರಲ್ಲಿ ಎಷ್ಟು ಭಾಗ ಹೊರಗಿನ ತರಬೇತಿ ಸಂಸ್ಥೆಯದು? ಎಸಿಸಿಎ ಲಂಡನ್ ಮೂಲದ ವೃತ್ತಿಸಂಸ್ಥೆಯ ಅರ್ಹತೆ, ಅದರಲ್ಲಿ 13 ಪತ್ರಿಕೆಗಳಿವೆ. ಕಾಲೇಜು ಅದಕ್ಕೆ ತರಬೇತಿ ಕೊಡಬಲ್ಲದೇ ಹೊರತು ಆ ಅರ್ಹತೆಯನ್ನು ದಯಪಾಲಿಸಲಾರದು. ಅದರ ನೋಂದಣಿ ಶುಲ್ಕ, ಪರೀಕ್ಷಾ ಶುಲ್ಕಗಳು ಕಾಲೇಜು ಹೇಳುವ ಮೊತ್ತದಲ್ಲಿ ಸೇರಿವೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಎರಡನೆಯ ಹಂತ: ನಿಮ್ಮ ಅರ್ಹತೆ

ರಾಜ್ಯದ ವಿಶ್ವವಿದ್ಯಾಲಯಗಳ ಸಾಮಾನ್ಯ ನಿಯಮವೆಂದರೆ ಕರ್ನಾಟಕದ ಎರಡು ವರ್ಷದ ಪಿಯುಸಿ ಅಥವಾ ಅದಕ್ಕೆ ತತ್ಸಮಾನವಾದ ಪರೀಕ್ಷೆಯಲ್ಲಿ ತೇರ್ಗಡೆಯಾಗಿರುವುದು. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಎಲ್ಲ ವಿಷಯಗಳಲ್ಲೂ ಪಾಸಾಗಿರಬೇಕು. ವಾಣಿಜ್ಯ ವಿಭಾಗದಲ್ಲಿ ಲೆಕ್ಕಶಾಸ್ತ್ರ ಮತ್ತು ವ್ಯವಹಾರ ಅಧ್ಯಯನ ಇದ್ದೇ ಇರುತ್ತವೆ. ಜೊತೆಗೆ ಇತಿಹಾಸ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಗಣಕ ವಿಜ್ಞಾನ, ಮೂಲ ಗಣಿತಗಳಲ್ಲಿ ಯಾವುದಾದರೂ ಇರಬಹುದು. ಇತಿಹಾಸವಿರುವ ಎಚ್‌ಇಬಿಎ ಓದಿದವರಿಗೂ ಸಂಖ್ಯಾಶಾಸ್ತ್ರವಿರುವ ಎಸ್‌ಇಬಿಎ ಓದಿದವರಿಗೂ ಬಿ.ಕಾಂ. ಬಾಗಿಲು ಒಂದೇ. ಆದರೆ ವ್ಯವಹಾರ ಗಣಿತ, ಸಂಖ್ಯಾಶಾಸ್ತ್ರದ ಪತ್ರಿಕೆಗಳು ಬಂದಾಗ ಸಂಖ್ಯಾಶಾಸ್ತ್ರ ಓದಿದವರ ಕೈ ಸ್ವಲ್ಪ ಹಗುರವಾಗಿರುತ್ತದೆ.

ವಿಜ್ಞಾನ ಅಥವಾ ಕಲಾ ವಿಭಾಗದಿಂದ ಬರುವವರು ಅನರ್ಹರೆಂಬ ನಂಬಿಕೆ ಹಳ್ಳಿಗಳಲ್ಲಿ ಇಂದಿಗೂ ಇದೆ. ಹೆಚ್ಚಿನ ವಿಶ್ವವಿದ್ಯಾಲಯಗಳ ನಿಯಮದಲ್ಲಿ ಅಂಥ ನಿರ್ಬಂಧವಿಲ್ಲ. ಕೆಲವು ಸ್ವಾಯತ್ತ ಕಾಲೇಜುಗಳು ಮಾತ್ರ ಲೆಕ್ಕಶಾಸ್ತ್ರ ಓದಿದವರಿಗೆ ಆದ್ಯತೆ ಕೊಡುತ್ತವೆ ಅಥವಾ ಕನಿಷ್ಠ ಅಂಕ ನಿಗದಿಪಡಿಸುತ್ತವೆ. ಆಯಾ ವರ್ಷದ ಪ್ರವೇಶ ಪುಸ್ತಿಕೆಯಲ್ಲಿ ಅರ್ಹತೆಯ ವಾಕ್ಯವನ್ನು ಓದದೆ ಅರ್ಜಿ ಶುಲ್ಕ ಕಟ್ಟಬಾರದು. ವಿಜ್ಞಾನದಿಂದ ಬಂದವರು ಪ್ರವೇಶ ಸಿಕ್ಕಿತೆಂದು ಸುಮ್ಮನಿರುವುದೂ ತರವಲ್ಲ. ಮೊದಲ ಸೆಮಿಸ್ಟರಿನಲ್ಲೇ ಹಣಕಾಸು ಲೆಕ್ಕಶಾಸ್ತ್ರ ಬರುತ್ತದೆ. ಉಪನ್ಯಾಸಕರು ಡೆಬಿಟ್, ಕ್ರೆಡಿಟ್ ಎಲ್ಲರಿಗೂ ಗೊತ್ತೆಂದುಕೊಂಡು ಮುಂದೆ ಸಾಗುತ್ತಾರೆ. ಫಲಿತಾಂಶ ಮತ್ತು ತರಗತಿಗಳ ನಡುವಿನ ರಜೆಯಲ್ಲಿ ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದ ಪುಸ್ತಕ ಹಿಡಿದು ವೈಯಕ್ತಿಕ, ವಾಸ್ತವಿಕ, ನಾಮಮಾತ್ರ ಎಂಬ ಮೂರು ಬಗೆಯ ಖಾತೆಗಳ ನಿಯಮ, ರೋಜುನಾಮೆ, ಖಾತಾವಹಿ, ತಾಳೆಪಟ್ಟಿ, ಇಷ್ಟನ್ನು ಕೈಯಲ್ಲಿ ಬರೆದು ಕಲಿತರೆ ಸಾಕು. ಲೆಕ್ಕ ಕಣ್ಣಿಗೆ ಹತ್ತುವುದಿಲ್ಲ, ಕೈಗೆ ಹತ್ತುತ್ತದೆ.

ಮೂರು ವರ್ಷದ ಡಿಪ್ಲೊಮಾ ಮಾಡಿದವರು, ಐಟಿಐ ಮುಗಿಸಿ ತತ್ಸಮಾನತೆ ಪಡೆದವರು, ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹಿರಿಯ ಮಾಧ್ಯಮಿಕ ಪರೀಕ್ಷೆ ಬರೆದವರು ತಮ್ಮ ಅರ್ಹತೆಯನ್ನು ಆಯಾ ವಿಶ್ವವಿದ್ಯಾಲಯದಲ್ಲಿ ಮೊದಲೇ ವಿಚಾರಿಸಬೇಕು.

ಹೊರಗಿನ ಮಂಡಳಿಯಿಂದ ಬರುವವರಿಗೆ ಇನ್ನೊಂದು ಮೆಟ್ಟಿಲಿದೆ. ಕಾಸರಗೋಡಿನಲ್ಲಿ ಕೇರಳದ ಪ್ಲಸ್ ಟು ಓದಿ ಮಂಗಳೂರಿಗೆ ಬರುವವರು, ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಮಹಾರಾಷ್ಟ್ರದ ಎಚ್‌ಎಸ್‌ಸಿ ಮುಗಿಸಿ ಕಲಬುರಗಿ ಅಥವಾ ವಿಜಯಪುರಕ್ಕೆ ಬರುವವರು, ಸಿಬಿಎಸ್‌ಇ ಮತ್ತು ಐಎಸ್‌ಸಿ ಓದಿದವರು, ಇವರೆಲ್ಲ ತಮ್ಮ ಮಂಡಳಿಯಿಂದ ವಲಸೆ ಪ್ರಮಾಣಪತ್ರ ಪಡೆದು ವಿಶ್ವವಿದ್ಯಾಲಯದಿಂದ ಅರ್ಹತಾ ಪ್ರಮಾಣಪತ್ರ ಮಾಡಿಸಬೇಕಾಗುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಲ್ಲಿ ಸಿಬಿಎಸ್‌ಇ ಶಾಲೆಯಲ್ಲಿ ಓದಿದವರಿಗೆ ಇಷ್ಟೇ ಸಾಕು. ವಿದೇಶಿ ಮಂಡಳಿಯ ಪಠ್ಯಕ್ರಮ ಓದಿದ್ದರೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ತತ್ಸಮಾನತಾ ಪತ್ರವೂ ಬೇಕು. ಅದು ಒಂದೆರಡು ದಿನಗಳಲ್ಲಿ ಕೈಗೆ ಸಿಗುವ ಕಾಗದವಲ್ಲವಾದ್ದರಿಂದ ವಿಮಾನದ ಟಿಕೆಟ್ ಕಾದಿರಿಸುವ ಮೊದಲೇ ಅದಕ್ಕೆ ಅರ್ಜಿ ಹಾಕುವುದು ಒಳ್ಳೆಯದು.

ಮೂರನೆಯ ಹಂತ: ಫಲಿತಾಂಶಕ್ಕೆ ಮೊದಲೇ ಕಾಗದಗಳನ್ನು ಹೊಂದಿಸಿ

2024 ಮತ್ತು 2025ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ-1ರ ಫಲಿತಾಂಶ ಏಪ್ರಿಲ್ ಎರಡನೆಯ ವಾರದ ಆಸುಪಾಸಿನಲ್ಲೇ ಬಂದಿತ್ತು. ಪರೀಕ್ಷೆ ಮುಗಿದ ದಿನದಿಂದ ಫಲಿತಾಂಶದವರೆಗಿನ ಆ ಮೂರು ವಾರಗಳು ಕಾಗದದ ಕೆಲಸಕ್ಕೆ ಹೇಳಿ ಮಾಡಿಸಿದ ಸಮಯ. ಆಮೇಲೆ ನಾಡಕಚೇರಿಯಲ್ಲೂ ಸೈಬರ್ ಕೇಂದ್ರದಲ್ಲೂ ಸಾಲು ಬೆಳೆಯುತ್ತದೆ.

ಮೊದಲು ನೋಡಬೇಕಾದದ್ದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಿಯುಸಿ ಪ್ರವೇಶಪತ್ರ, ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಈ ಐದನ್ನೂ ಮೇಜಿನ ಮೇಲೆ ಒಟ್ಟಿಗೆ ಹರಡಿ ಅಕ್ಷರ ಅಕ್ಷರ ಹೋಲಿಸಿ. ನಮ್ಮಲ್ಲಿ ಇನಿಷಿಯಲ್ ಎಂಬುದು ಎಲ್ಲಿ ಬೇಕಾದರೂ ಕೂರುತ್ತದೆ. ಒಂದು ಕಡೆ ‘ಮಂಜುನಾಥ ಕೆ.’, ಇನ್ನೊಂದು ಕಡೆ ‘ಕೆ. ಮಂಜುನಾಥ್’, ಮಗದೊಂದು ಕಡೆ ತಂದೆಯ ಪೂರ್ಣ ಹೆಸರು ಸೇರಿದ ಉದ್ದನೆಯ ರೂಪ. ಮನುಷ್ಯರಿಗೆ ಮೂವರೂ ಒಬ್ಬನೇ ಎಂದು ಗೊತ್ತಾಗುತ್ತದೆ, ಗಣಕಯಂತ್ರಕ್ಕೆ ಗೊತ್ತಾಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಮೂಲವೆಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಜಾಣತನ, ಏಕೆಂದರೆ ಜನ್ಮದಿನಾಂಕಕ್ಕೂ ಅದೇ ಪುರಾವೆ. ಆಧಾರ್‌ನಲ್ಲಿ ಹೆಸರನ್ನು ಒಟ್ಟು 2 ಸಲ, ಜನ್ಮದಿನಾಂಕವನ್ನು 1 ಸಲ ಮಾತ್ರ ಸಾಮಾನ್ಯ ಕ್ರಮದಲ್ಲಿ ತಿದ್ದಿಸಲು ಅವಕಾಶವಿದೆ. ಅವಸರದಲ್ಲಿ ತಪ್ಪಾಗಿ ತಿದ್ದಿಸಿ ಆ ಅವಕಾಶವನ್ನು ಕಳೆದುಕೊಳ್ಳಬೇಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಬರೆಯಬೇಕು. ಅದಕ್ಕೆ ತಿಂಗಳುಗಳು ಹಿಡಿದರೂ ಆಶ್ಚರ್ಯವಿಲ್ಲ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಿಂದ ಪಡೆದ ಪ್ರಮಾಣಪತ್ರದಲ್ಲಿ ಆರ್‌ಡಿ ಎಂದು ಆರಂಭವಾಗುವ ಸಂಖ್ಯೆಯಿರುತ್ತದೆ. ಪ್ರವೇಶದ ಅರ್ಜಿಯಲ್ಲೂ ವಿದ್ಯಾರ್ಥಿವೇತನದ ಅರ್ಜಿಯಲ್ಲೂ ಕೇಳುವುದು ಆ ಸಂಖ್ಯೆಯನ್ನೇ. ಪ್ರಮಾಣಪತ್ರ ತಂದೆಯ ಹೆಸರಿನಲ್ಲಿದ್ದರೆ ಸಾಲದು, ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರ ಜಾತಿ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ. ಆದಾಯದ ಪ್ರಮಾಣಪತ್ರಕ್ಕೆ ಇದೆ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಪೆಟ್ಟಿಗೆಯಲ್ಲಿದೆ ಎಂದು ನಿಶ್ಚಿಂತರಾಗದೆ ಅದರ ಮೇಲಿನ ದಿನಾಂಕ ನೋಡಿ. ಮೀಸಲಾತಿಗೆ ಒಂದು ಆದಾಯ ಮಿತಿ, ವಿದ್ಯಾರ್ಥಿವೇತನಕ್ಕೆ ಇನ್ನೊಂದು ಮಿತಿ ಇರುವುದನ್ನೂ ಮರೆಯಬಾರದು.

ಕಲ್ಯಾಣ ಕರ್ನಾಟಕದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಪ್ರತ್ಯೇಕ ಮೀಸಲಾತಿಯಿದೆ. ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪತ್ರ ಪಡೆಯಬೇಕು. ಬೆಂಗಳೂರಿನಲ್ಲಿ ಓದಲು ಹೊರಟವರು ಇದು ತಮ್ಮೂರಿನ ಕಾಲೇಜುಗಳಿಗೆ ಮಾತ್ರವೆಂದು ಭಾವಿಸಿ ಬಿಟ್ಟುಬಿಡುತ್ತಾರೆ. ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲೂ ಒಂದು ಪಾಲು ಈ ಜಿಲ್ಲೆಗಳವರಿಗೆ ಮೀಸಲಿದೆ.

ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ಕೇಳುವ ಕಾಲೇಜುಗಳೂ ಇವೆ. ಓದಿದ ಶಾಲೆಗೆ ಬೇಸಿಗೆ ರಜೆ ಬಂದರೆ ಮುಖ್ಯೋಪಾಧ್ಯಾಯರ ಸಹಿಗಾಗಿ ಅಲೆಯಬೇಕಾಗುತ್ತದೆ. ಮಾರ್ಚ್ ಕೊನೆಯೊಳಗೆ ಮುಗಿಸಿ. ನಡುವೆ ಒಂದು ವರ್ಷ ಓದು ನಿಂತಿದ್ದವರಿಂದ ಕಾಲೇಜು ಸಾಮಾನ್ಯವಾಗಿ ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಅಫಿಡವಿಟ್ ಅನ್ನು ಅಪೇಕ್ಷಿಸುತ್ತದೆ.

ನಾಲ್ಕನೆಯ ಹಂತ: ಯುಯುಸಿಎಂಎಸ್‌ನಲ್ಲಿ ಅರ್ಜಿ

ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಸೇರಿದ ಸರ್ಕಾರಿ, ಅನುದಾನಿತ ಮತ್ತು ಖಾಸಗಿ ಕಾಲೇಜುಗಳ ಪ್ರವೇಶ 2021ರಿಂದ ಯುಯುಸಿಎಂಎಸ್ ಎಂಬ ಏಕೀಕೃತ ಜಾಲತಾಣದ ಮೂಲಕ ನಡೆಯುತ್ತಿದೆ. ಅಲ್ಲಿ ವಿದ್ಯಾರ್ಥಿ ಮೊದಲು ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಕೊಟ್ಟು ನೋಂದಾಯಿಸಿಕೊಂಡು, ಬಳಿಕ ವೈಯಕ್ತಿಕ ವಿವರ, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ನೋಂದಣಿ ಸಂಖ್ಯೆ, ಮೀಸಲಾತಿಯ ವಿವರ ತುಂಬಿ, ವಿಶ್ವವಿದ್ಯಾಲಯ, ಕಾಲೇಜು, ಕೋರ್ಸು ಮತ್ತು ಭಾಷೆಗಳನ್ನು ಆರಿಸಬೇಕು.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಸೈಬರ್ ಕೇಂದ್ರದಲ್ಲಿ ಅರ್ಜಿ ತುಂಬಿಸುವವರು ಆ ಕೇಂದ್ರದ ಮಾಲೀಕರ ಮೊಬೈಲ್ ಸಂಖ್ಯೆ, ಇಮೇಲ್ ಹಾಕಿಸಿಕೊಂಡು ಬರುವ ರೂಢಿಯಿದೆ. ಇದೇ ಖಾತೆಯಲ್ಲಿ ಮುಂದೆ ಮೂರು ವರ್ಷಗಳ ಪರೀಕ್ಷಾ ಶುಲ್ಕ, ಪ್ರವೇಶಪತ್ರ, ಫಲಿತಾಂಶ ಎಲ್ಲ ಬರುತ್ತವೆ. ಸಂಖ್ಯೆ ನಿಮ್ಮದೇ ಇರಲಿ, ಗುಪ್ತಪದ ನಿಮ್ಮ ಬಳಿಯೇ ಇರಲಿ. ಎರಡನೆಯದಾಗಿ, ಬೆಂಗಳೂರು ವಿಶ್ವವಿದ್ಯಾಲಯ ಒಡೆದು ಬೆಂಗಳೂರು ನಗರ ಮತ್ತು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಗಳು ಬೇರೆಯಾದ ಮೇಲೆ ಯಾವ ಕಾಲೇಜು ಯಾವುದಕ್ಕೆ ಸೇರಿದ್ದೆಂಬುದು ಹಳಬರಿಗೂ ಗೊಂದಲ. ಕಾಲೇಜಿನ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ ಅದು ಇಲ್ಲವೆಂದಲ್ಲ, ನೀವು ಬೇರೆ ವಿಶ್ವವಿದ್ಯಾಲಯದ ಪಟ್ಟಿ ನೋಡುತ್ತಿದ್ದೀರಿ ಎಂದಿರಬಹುದು.

ಸ್ವಾಯತ್ತ ಕಾಲೇಜುಗಳು ತಮ್ಮದೇ ಅರ್ಜಿಯನ್ನೂ ಕೇಳಬಹುದು. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಯುಯುಸಿಎಂಎಸ್ ಅನ್ವಯಿಸುವುದಿಲ್ಲ. ಪ್ರವೇಶ ಪರೀಕ್ಷೆ, ಸಂದರ್ಶನಗಳನ್ನು ಅವು ಪಿಯುಸಿ ಫಲಿತಾಂಶಕ್ಕಿಂತ ಮೊದಲೇ ಮುಗಿಸುವುದುಂಟು.

ದೆಹಲಿ ವಿಶ್ವವಿದ್ಯಾಲಯದ ಬಿ.ಕಾಂ. ಆನರ್ಸ್ ಮೇಲೆ ಕಣ್ಣಿಟ್ಟವರ ದಾರಿಯೇ ಬೇರೆ. ಅಲ್ಲಿ 2022ರಿಂದ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆಯ ಅಂಕವೇ ಆಧಾರ. ಅದರ ಅರ್ಜಿ ಪಿಯುಸಿ ಪರೀಕ್ಷೆಯ ಸಿದ್ಧತೆ ನಡೆಯುತ್ತಿರುವ ಹೊತ್ತಿಗೇ ಹೊರಡುತ್ತದೆ. ಪರೀಕ್ಷೆಯನ್ನು 13 ಭಾಷೆಗಳಲ್ಲಿ ಬರೆಯಬಹುದು, ಅವುಗಳಲ್ಲಿ ಕನ್ನಡವೂ ಒಂದು. ಹಿಂದುಳಿದ ವರ್ಗದ ಮೀಸಲಾತಿಗೆ ನಮ್ಮ 2ಎ, 3ಬಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವನ್ನು ಬೇರೆಯಾಗಿ ಮಾಡಿಸಬೇಕು.

ಐದನೆಯ ಹಂತ: ಆಯ್ಕೆ ಪಟ್ಟಿ, ಪರಿಶೀಲನೆ, ಶುಲ್ಕ

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಿಯುಸಿ ಅಂಕ ಮತ್ತು ಮೀಸಲಾತಿ ರೋಸ್ಟರ್‌ಗೆ ಅನುಗುಣವಾಗಿ ಸೀಟು ಹಂಚುತ್ತಾರೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ವರ್ಗಗಳಲ್ಲಿ ನಿಮ್ಮದು ಯಾವುದೆಂದು ಪ್ರಮಾಣಪತ್ರದಲ್ಲಿ ಇರುವಂತೆಯೇ ಅರ್ಜಿಯಲ್ಲೂ ಇರಬೇಕು. ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಬಿ.ಕಾಂ. ಸೀಟಿಗೆ ಅಂಥ ನೂಕುನುಗ್ಗಲಿಲ್ಲದಿದ್ದರೂ ಬೆಂಗಳೂರು, ಮೈಸೂರು, ಮಂಗಳೂರು, ಧಾರವಾಡಗಳ ಹೆಸರಾಂತ ಕಾಲೇಜುಗಳಲ್ಲಿ ಪೈಪೋಟಿ ಬಿರುಸಾಗಿಯೇ ಇರುತ್ತದೆ.

ಪರಿಶೀಲನೆಯ ದಿನ ಕೊಂಡೊಯ್ಯಬೇಕಾದವು: ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಗುಣನಡತೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಭಾವಚಿತ್ರಗಳು, ಅನ್ವಯಿಸಿದರೆ ವಲಸೆ ಪತ್ರ ಮತ್ತು 371ಜೆ ಪತ್ರ. ಇವುಗಳಲ್ಲಿ ವರ್ಗಾವಣೆ ಪತ್ರದ (ಟಿ.ಸಿ.) ಮೂಲಪ್ರತಿಯನ್ನು ಕಾಲೇಜು ಇಟ್ಟುಕೊಳ್ಳುತ್ತದೆ. ಕೊಡುವ ಮುನ್ನ ನಾಲ್ಕೈದು ನಕಲು ಮಾಡಿಸಿಕೊಳ್ಳಿ. ಅಂಕಪಟ್ಟಿಗಳ ಮೂಲಪ್ರತಿಯ ಮಾತು ಬೇರೆ. ಮೂಲಪ್ರತಿಗಳನ್ನು ನೋಡಿ ಹಿಂದಿರುಗಿಸಬೇಕು, ಸ್ವಯಂ ದೃಢೀಕರಿಸಿದ ನಕಲನ್ನಷ್ಟೇ ಇಟ್ಟುಕೊಳ್ಳಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಧಿಸೂಚನೆಯಲ್ಲೇ ತಿಳಿಸಿದೆ. ‘ಮೂರು ವರ್ಷ ನಮ್ಮಲ್ಲೇ ಇರಲಿ’ ಎನ್ನುವ ಕಾಲೇಜಿಗೆ ಈ ಅಧಿಸೂಚನೆಯನ್ನು ವಿನಯದಿಂದ ನೆನಪಿಸಬಹುದು.

ಅದೇ ಅಧಿಸೂಚನೆಯಲ್ಲಿ ಶುಲ್ಕ ಮರುಪಾವತಿಯ ಕ್ರಮವೂ ಇದೆ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಬಿಟ್ಟರೆ ಶೇ. 100, ಅದರೊಳಗೆ ಬಿಟ್ಟರೆ ಶೇ. 90, ಕೊನೆಯ ದಿನಾಂಕ ಕಳೆದು 15 ದಿನದೊಳಗಾದರೆ ಶೇ. 80, 30 ದಿನದೊಳಗಾದರೆ ಶೇ. 50, ಆನಂತರ ಏನೂ ಇಲ್ಲ. ಪೂರ್ಣ ಮರುಪಾವತಿಯ ಸಂದರ್ಭದಲ್ಲಿ ಸಂಸ್ಕರಣಾ ಶುಲ್ಕವೆಂದು ಶೇ. 5ರವರೆಗೆ, ಗರಿಷ್ಠ 5,000 ರೂಪಾಯಿ ಹಿಡಿದುಕೊಳ್ಳಬಹುದು. ಸೀಟು ಕೈತಪ್ಪುವ ಭಯದಿಂದ ಒಂದು ಕಡೆ ಶುಲ್ಕ ಕಟ್ಟಿ ಇನ್ನೊಂದು ಕಡೆ ಕಾಯುವ ಕುಟುಂಬಗಳು ಈ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ. ಪ್ರತಿ ಪಾವತಿಗೂ ರಸೀದಿ ಪಡೆಯಿರಿ. ರಸೀದಿಯಿಲ್ಲದ ಹಣಕ್ಕೆ ಯಾವ ನಿಯಮವೂ ಆಸರೆಯಾಗದು.

ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯನ್ನು ವಿದ್ಯಾರ್ಥಿ ಮತ್ತು ಪೋಷಕರಿಬ್ಬರೂ ಕೊಡಬೇಕು.

ಸಿಎ ಕನಸಿದ್ದವರಿಗೆ

ಬಿ.ಕಾಂ. ಸೇರುವವರಲ್ಲಿ ದೊಡ್ಡ ಪಾಲು ಮನಸ್ಸಿನಲ್ಲಿ ಸಿಎ (ಚಾರ್ಟರ್ಡ್ ಅಕೌಂಟೆನ್ಸಿ) ಇಟ್ಟುಕೊಂಡಿರುತ್ತದೆ. ಅದಕ್ಕೆ ದಾರಿ ಎರಡು. ಪಿಯುಸಿ ಆದೊಡನೆ ಫೌಂಡೇಷನ್ ಪರೀಕ್ಷೆ ಬರೆಯುವುದು ಒಂದು: 4 ಪತ್ರಿಕೆ, ಪ್ರತಿಯೊಂದರಲ್ಲೂ ಶೇ. 40, ಒಟ್ಟಾರೆ ಶೇ. 50 ಬರಬೇಕು. ಪದವಿ ಮುಗಿಸಿ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರುವುದು ಇನ್ನೊಂದು. ಇದಕ್ಕೆ ವಾಣಿಜ್ಯ ಪದವೀಧರರಿಗೆ ಕನಿಷ್ಠ ಶೇ. 55, ಬೇರೆ ಪದವೀಧರರಿಗೆ ಶೇ. 60 ಬೇಕು. 2023ರ ಹೊಸ ಕ್ರಮದಲ್ಲಿ ಆರ್ಟಿಕಲ್‌ಶಿಪ್ (ಸಿಎ ಬಳಿ ಮಾಡುವ ಪ್ರಾಯೋಗಿಕ ತರಬೇತಿ) ಅವಧಿ 2 ವರ್ಷಕ್ಕೆ ಇಳಿದಿದೆ. ಮೊದಲ ದಾರಿ ಹಿಡಿಯುವವರು ತರಗತಿ ಬೆಳಿಗ್ಗೆಯೇ ಮುಗಿಯುವ ಕಾಲೇಜನ್ನು ಹುಡುಕುವುದು ಮೇಲು. ಕಾಲೇಜಿನ ಹೆಸರಿಗಿಂತ ವೇಳಾಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಬಿ.ಕಾಂ. ಉತ್ತರಗಳನ್ನು ಅನೇಕ ಸರ್ಕಾರಿ ಕಾಲೇಜುಗಳಲ್ಲಿ ಕನ್ನಡದಲ್ಲೇ ಬರೆಯಬಹುದಾದರೂ ಸಿಎ ಪರೀಕ್ಷೆಗೆ ಆ ಸೌಕರ್ಯವಿಲ್ಲ. ಅಂಥವರು ಮೊದಲ ಸೆಮಿಸ್ಟರಿನಿಂದಲೇ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಬರೆದಿಟ್ಟುಕೊಳ್ಳಬೇಕು.

ಪ್ರವೇಶವಾದ ಮೇಲೆ ಉಳಿಯುವ ಕೆಲಸ

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಜಾಲತಾಣದಲ್ಲಿ ಪ್ರತ್ಯೇಕ ಅರ್ಜಿ ಹಾಕಬೇಕು. ಪ್ರವೇಶದ ಅರ್ಜಿಯಲ್ಲಿ ಆರ್‌ಡಿ ಸಂಖ್ಯೆ ಕೊಟ್ಟ ಮಾತ್ರಕ್ಕೆ ಹಣ ಬರುವುದಿಲ್ಲ. ಹಣ ಜಮೆಯಾಗುವುದು ವಿದ್ಯಾರ್ಥಿಯ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿರುವುದೂ ಎನ್‌ಪಿಸಿಐನಲ್ಲಿ (ರಾಷ್ಟ್ರೀಯ ಪಾವತಿ ನಿಗಮ) ಜೋಡಣೆಯಾಗಿರುವುದೂ ಒಂದೇ ಅಲ್ಲ, ಬ್ಯಾಂಕಿನಲ್ಲಿ ಎರಡನೆಯದನ್ನು ಹೆಸರಿಸಿಯೇ ಕೇಳಿ.

ಪರೀಕ್ಷೆ-1ರಲ್ಲಿ ಒಂದು ವಿಷಯ ಉಳಿಸಿಕೊಂಡವರಿಗೆ ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ; 2024 ಮತ್ತು 2025ರಲ್ಲಿ ಪರೀಕ್ಷೆ-2 ಮತ್ತು ಪರೀಕ್ಷೆ-3 ನಡೆದಿದ್ದವು. ಇಂಥ ಮರುಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಹಲವು ಕಾಲೇಜುಗಳಲ್ಲಿ ತರಗತಿ ಆರಂಭವಾಗಿರಬಹುದು. ಅಂಥವರು ಉಳಿದ ಕಾಗದಗಳನ್ನೆಲ್ಲ ಸಿದ್ಧವಾಗಿಟ್ಟು, ದಂಡಶುಲ್ಕ ಸಹಿತ ಪ್ರವೇಶದ ಕೊನೆಯ ದಿನಾಂಕವನ್ನು ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿ ನೋಡಿಕೊಂಡಿರಬೇಕು. ಅದೂ ತಪ್ಪಿದರೆ, ಅಥವಾ ಮನೆಯ ಪರಿಸ್ಥಿತಿಯಿಂದ ಕೆಲಸಕ್ಕೆ ಸೇರಲೇಬೇಕಾದರೆ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದ ಬಿ.ಕಾಂ. ಇದೆ. ಅದಕ್ಕೆ ಸೇರುವ ಮೊದಲು ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಡಿಇಬಿ ಗುರುತಿನ ಸಂಖ್ಯೆ ಪಡೆದುಕೊಳ್ಳಬೇಕು.